ವಿಜ್ಞಾನಮಂದಿರದ ದ್ವಾರದಲ್ಲಿ ಕಮಲಾ ಭಾಗವತ

ಮುದ್ದೇಬಿಹಾಳ ಸೀಮೆಯ ತಂಗಡಗಿಯಲ್ಲಿ, ಕೃಷ್ಣಾತೀರದಲ್ಲಿ, ಐಕ್ಯಳಾದ ನೀಲಾಂಬಿಕೆಯು, ಕೂಡಲಸಂಗಮಕ್ಕೆ ಬರಬೇಕೆಂದು ಪತಿ ಬಸವಣ್ಣನವರು ಹಡಪದ ಅಪ್ಪಣ್ಣನವರ ಮುಖಾಂತರ ಹೇಳಿಕಳುಹಿಸಿದಾಗ, ಅಲ್ಲಿರುವ ದೇವನು ಇಲ್ಲಿಯೂ ಇರುವನಲ್ಲವೇ ಎಂದು ಕೇಳಿದಳೆಂಬುದು ಪರಂಪರೆಯ ಮಾತು. ಪರಮಪೂಜ್ಯರ ಅಪ್ಪಣೆಯನ್ನೂ ವಿಚಾರದ ಒರೆಗೆ ಹಚ್ಚಬಹುದೆಂಬ ಈ ನಿಲುವನ್ನು ಧರ್ಮಕ್ಷೇತ್ರದಲ್ಲಿ ಕೊಂಡಾಡುವ ನಾವು ವಿದ್ಯಾಕ್ಷೇತ್ರದಲ್ಲಿ ಅದನ್ನು ಎಷ್ಟರಮಟ್ಟಿಗೆ ಸಹಿಸಿದೆವೆಂಬುದಕ್ಕೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ, ಚರಿತ್ರೆಯೇ ಸಾಕ್ಷಿ.

1933ರಲ್ಲಿ ಆ ಸಂಸ್ಥೆಗೆ ಪ್ರಥಮ ಭಾರತೀಯ ನಿರ್ದೇಶಕರಾಗಿ ಬಂದವರು, ಮೂರು ವರ್ಷಗಳ ಹಿಂದೆಯಷ್ಟೆ ನೊಬೆಲ್ ಪಾರಿತೋಷಕದಿಂದ ವಿಶ್ವವಿಖ್ಯಾತರಾಗಿದ್ದ ಸರ್ ಸಿ. ವಿ. ರಾಮನ್. ಅದೇ ವರ್ಷ, ಮುಂಬಯಿ ವಿಶ್ವವಿದ್ಯಾಲಯದ ಪದವಿ ಪರೀಕ್ಷೆಯಲ್ಲಿ ಅಗ್ರಸ್ಥಾನ ಪಡೆದ ಕಮಲಾ ಭಾಗವತ ಎಂಬ ತರುಣಿ, ತನ್ನ ತಂದೆಯೂ ಚಿಕ್ಕಪ್ಪನೂ ವ್ಯಾಸಂಗ ಮಾಡಿದ್ದ ಆ ಸಂಸ್ಥೆಗೇ ಅರ್ಜಿ ಹಾಕಿದಳು. ಅರ್ಜಿ ತಿರಸ್ಕೃತವಾಯಿತು, ಕಾರಣ, ಆಕೆ ಹೆಣ್ಣು. ಹಿರಿಯರ ಬಿನ್ನಹಗಳು ವ್ಯರ್ಥವಾಗಲು, ಆಕೆ ತಾನೇ ನಿರ್ದೇಶಕರೆದುರು ನಿಂತು ಕಾರಣ ಕೇಳಿದಳು. ಕಡೆಗೆ ದೊರೆತ ಪ್ರವೇಶವೂ ಷರತ್ತುಗಳಿಂದ ಬಿಗಿಯಲ್ಪಟ್ಟಿತ್ತು: ಮೊದಲನೆಯ ವರ್ಷ ಪರೀಕ್ಷಾರ್ಥ, ಗುರುಗಳು ಬಯಸಿದಲ್ಲಿ ರಾತ್ರಿಯೂ ದುಡಿಯತಕ್ಕದ್ದು, ಪುರುಷ ಸಂಶೋಧಕರ ಚಿತ್ತಕ್ಕೆ ಚಾಂಚಲ್ಯ ತರತಕ್ಕದ್ದಲ್ಲ. ಅನ್ಯರ ಚಿತ್ತಸ್ಥೈರ್ಯಕ್ಕೆ ಆಕೆಯೇ ಹೊಣೆಗಾರಳೆಂಬ ಈ ಕಡೆಯ ಷರತ್ತಿನಲ್ಲಿಯೇ ಅನ್ಯಾಯದ ತಿರುಳಿದ್ದಿತು.

ಎಂ. ಶ್ರೀನಿವಾಸಯ್ಯನವರ ಮಾರ್ಗದರ್ಶನದಲ್ಲಿ ಹಾಲು, ದ್ವಿದಳಧಾನ್ಯಗಳ ಪ್ರೋಟೀನುಗಳನ್ನು ಪರಿಶೋಧಿಸಿದ ಕಮಲಾ, 1936ರಲ್ಲಿ ಎಂ.ಎಸ್ಸಿ.ಯನ್ನೂ, ಸಸ್ಯಕೋಶಗಳ ಸೈಟೊಕ್ರೋಮ್ ಸಿ ಕುರಿತ ಪ್ರಬಂಧಕ್ಕಾಗಿ 1939ರಲ್ಲಿ ಕೇಂಬ್ರಿಜಿನ ಡಾಕ್ಟರೇಟನ್ನೂ ಪಡೆದರು. ಅವರ ಕಾರ್ಯವನ್ನು ಕಂಡ ಬಳಿಕ ರಾಮನ್ನರು ತಮ್ಮ ನಿಲುವನ್ನು ಸಡಿಲಿಸಿ, ಮುಂದೆ ಅನ್ನಾ ಮಣಿಯವರಂಥ ಸಂಶೋಧಕಿಯರಿಗೆ ಸ್ವಂತ ಪ್ರಯೋಗಶಾಲೆಯಲ್ಲೇ ಎಡೆಗೊಟ್ಟರೆಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಆದರೆ ವಜ್ರ, ಮಾಣಿಕ್ಯಗಳ ವರ್ಣಪಟಲಗಳನ್ನು ವರ್ಷಗಟ್ಟಲೆ ಅಭ್ಯಸಿಸಿ 1945ರಲ್ಲಿ ಪ್ರಬಂಧವನ್ನೊಪ್ಪಿಸಿದ ಅನ್ನಾ ಮಣಿಯವರಿಗೆ, ಸ್ನಾತಕೋತ್ತರ ಪದವಿಯಿಲ್ಲವೆಂಬ ನೆಪದಿಂದ ಮದರಾಸು ವಿಶ್ವವಿದ್ಯಾಲಯವು ಡಾಕ್ಟರೇಟನ್ನು ನಿರಾಕರಿಸಿತು.

ನಿರ್ದೇಶಕರ ಆಡಳಿತದ ವಿಚಾರಣೆಯೇ ನಡೆಯಲಿಲ್ಲವೆಂದಲ್ಲ. ಪ್ರಾಧ್ಯಾಪಕರ ಅಸಮಾಧಾನ ಬೆಳೆದಾಗ ಸರ್ ಜೇಮ್ಸ್ ಅರ್ವಿನ್ನರ ಸಮಿತಿಯು 1936ರಲ್ಲಿ ಸಂಸ್ಥೆಯನ್ನು ಪರಿಶೀಲಿಸಿತು. ಮರುವರ್ಷ ರಾಮನ್ನರು ನಿರ್ದೇಶಕ ಪದವಿಯನ್ನು ತ್ಯಜಿಸಿ ಪ್ರಾಧ್ಯಾಪಕರಾಗಿ ಉಳಿದರು. ಪ್ರಾಧ್ಯಾಪಕರ ದೂರಿಗೆ ಸಮಿತಿಯುಂಟು, ವಿದ್ಯಾರ್ಥಿನಿಯ ದೂರಿಗೆ ಆಕೆಯ ಹಟವೊಂದೇ ಗತಿ ಎಂಬುದು ಅಂದಿನ ಸ್ಥಿತಿ.

ಈ ಕೊರತೆ ನೀಗಲು ದೀರ್ಘಕಾಲ ಹಿಡಿಯಿತು. ರಾಜಸ್ಥಾನದ ಗ್ರಾಮ ಕಾರ್ಯಕರ್ತೆಯೊಬ್ಬಳಿಗಾದ ಘೋರ ಅನ್ಯಾಯದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ, ಉದ್ಯೋಗಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳವನ್ನು ತಡೆಯುವ ವಿಶಾಖಾ ಮಾರ್ಗಸೂಚಿಗಳನ್ನು ವಿಧಿಸಿತು. 2013ರಲ್ಲಿ ಅವು ಶಾಸನರೂಪ ತಾಳಿದವು. ಅದರಂತೆ, ಹತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ದುಡಿಯುವ ಪ್ರತಿಯೊಂದು ಸಂಸ್ಥೆಯಲ್ಲಿಯೂ, ಪ್ರಯೋಗಶಾಲೆಯೂ ಸೇರಿದಂತೆ, ಹಿರಿಯ ಮಹಿಳೆಯ ಅಧ್ಯಕ್ಷತೆಯ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕವಾದ ಕಡೆಗಳಿಗೆ ಜಿಲ್ಲೆಯ ಸ್ಥಳೀಯ ಸಮಿತಿಯುಂಟು.

ಪಾಂಡಿತ್ಯವು ಗೌರವಕ್ಕೆ ಅರ್ಹ. ಅಧಿಕಾರವಾದರೋ ಉತ್ತರದಾಯಿತ್ವಕ್ಕೆ ಬದ್ಧ. ಇವೆರಡನ್ನೂ ಬೆರೆಸಿದಲ್ಲೆಲ್ಲ ಪೀಡನೆಗೆ ಮರೆ ದೊರೆಯುತ್ತದೆ. ಆದುದರಿಂದ, ಮಗಳನ್ನು ವಿಜ್ಞಾನಶಾಲೆಗೆ ಕಳುಹಿಸುವ ತಾಯಿತಂದೆಗಳು ಅಲ್ಲಿನ ಗುರುವಿನ ಕೀರ್ತಿಯನ್ನು ವಿಚಾರಿಸುವಂತೆಯೇ ಆಂತರಿಕ ಸಮಿತಿಯ ಸದಸ್ಯರು ಯಾರೆಂಬುದನ್ನೂ ವಿಚಾರಿಸತಕ್ಕದ್ದು.