ಶಿಕ್ಷೆ ನಿಂತಿರುವ ಸಂಗತಿ: ಅಪಹರಣ ಮತ್ತು ಸುಲಿಗೆ ಪ್ರಕರಣಗಳಲ್ಲಿ ಮೇಲ್ಮನವಿಯ ಹೊಣೆ

ಅಪಹರಣ, ಸುಲಿಗೆಯಂಥ ಪ್ರಕರಣಗಳಲ್ಲಿ ಅಪರಾಧಿಗೆ ಸಿಗುವ ಶಿಕ್ಷೆ ಹಲವು ಸಲ ಒಂದೇ ಒಂದು ಸಂಗತಿಯ ಮೇಲೆ ನಿಂತಿರುತ್ತದೆ. ಚಾಕು ತೋರಿಸಿದವರು ಯಾರು, ಹೊತ್ತು ಮುಳುಗಿತ್ತೇ, ಕೊಲ್ಲುವ ಬೆದರಿಕೆ ಇತ್ತೇ ಎಂಬ ಪ್ರಶ್ನೆಗಳಿಗೆ ಸಿಗುವ ಉತ್ತರ ಸೆರೆವಾಸದ ವರ್ಷಗಳನ್ನೇ ಬದಲಿಸುತ್ತದೆ. ಆ ಸಂಗತಿಯನ್ನು ಪ್ರತಿ ಆರೋಪಿಯ ಮಟ್ಟಿಗೂ ಬೇರೆಬೇರೆಯಾಗಿ ತೂಗಿ ನೋಡುವುದೇ ಮೇಲ್ಮನವಿ ನ್ಯಾಯಾಲಯದ ಮುಖ್ಯ ಹೊಣೆ ಎಂಬುದು ಈ ಲೇಖನದ ವಾದ. ಕಲಬುರಗಿ ಭಾಗದಲ್ಲಿ ಈ ಹೊಣೆ ಹೊರುವ ಕರ್ನಾಟಕ ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ಕಲಬುರಗಿಗೆ ಬಂದು, 2013ರಲ್ಲಿ ಕಾಯಂ ಆಯಿತು. 2008ಕ್ಕೂ ಮೊದಲು ಈಗಿನ ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ, ವಿಜಯಪುರ ಜಿಲ್ಲೆಗಳ ಕಕ್ಷಿದಾರರು ಬೆಂಗಳೂರಿಗೇ ಹೋಗಬೇಕಿತ್ತು. ಪೀಠ ಹತ್ತಿರವಾದುದರ ಫಲ ಪ್ರಯಾಣದ ಉಳಿತಾಯಕ್ಕೇ ನಿಲ್ಲಬಾರದು. ಪರಿಶೀಲನೆಯ ಗುಣದಲ್ಲೂ ಅದು ಕಾಣಬೇಕು.

ಕಲಬುರಗಿಯಿಂದ ಕಮಲಾಪುರ ದಾಟಿ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸಂಜೆ ಹೊತ್ತು ಮೂವರು ಒಬ್ಬ ಬೈಕ್ ಸವಾರನನ್ನು ಅಡ್ಡಗಟ್ಟಿ ಹಣ, ಮೊಬೈಲ್ ಕಿತ್ತುಕೊಂಡರೆಂದು ಇಟ್ಟುಕೊಳ್ಳೋಣ. ಸುಲಿಗೆಗೆ ಗರಿಷ್ಠ ಶಿಕ್ಷೆ 10 ವರ್ಷ. ಅದೇ ಕೃತ್ಯ ಹೆದ್ದಾರಿಯಲ್ಲಿ ಸೂರ್ಯಾಸ್ತ, ಸೂರ್ಯೋದಯಗಳ ನಡುವೆ ನಡೆದರೆ ಅದು 14 ವರ್ಷಕ್ಕೆ ಏರುತ್ತದೆ. ಮಾರಕಾಸ್ತ್ರ ಬಳಸಿದ್ದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡುವಂತಿಲ್ಲ. ಭಾರತೀಯ ದಂಡ ಸಂಹಿತೆಯ 392 ಮತ್ತು 397ನೇ ಕಲಂಗಳಲ್ಲಿದ್ದ ಈ ನಿಯಮಗಳು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 309 ಮತ್ತು 311ನೇ ಕಲಂಗಳಲ್ಲೂ ಉಳಿದಿವೆ. ಈ ಕನಿಷ್ಠ ಶಿಕ್ಷೆ ಅಸ್ತ್ರವನ್ನು ತಾನೇ ಬಳಸಿದವನಿಗೆ ಮಾತ್ರ ಅನ್ವಯಿಸುತ್ತದೆಂದೂ, ಎದುರಿನವನಿಗೆ ಕಾಣುವಂತೆ ಅಸ್ತ್ರ ಹಿಡಿದಿದ್ದರೂ ಅದು ಬಳಕೆಯೇ ಎಂದೂ ಸುಪ್ರೀಂ ಕೋರ್ಟ್ 1975ರ ಫೂಲ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಫಿರ್ಯಾದಿನಲ್ಲಿ ಬರೆದ ವೇಳೆ, ಪಾಟೀ ಸವಾಲಿನಲ್ಲಿ ಸವಾರ ಕೊಟ್ಟ ಉತ್ತರ, ಚಾಕು ಜಪ್ತಿಯ ಪಂಚನಾಮೆ ಇವು ಮೂರನ್ನೂ ಅಕ್ಕಪಕ್ಕ ಇಟ್ಟು ಓದದೆ ಮೂವರಿಗೂ ಒಂದೇ ಶಿಕ್ಷೆಯನ್ನು ಎತ್ತಿಹಿಡಿಯಲು ಬರುವುದಿಲ್ಲ.

ಒತ್ತೆಹಣದ ಅಪಹರಣದಲ್ಲಿ ಈ ಮಾತಿಗೆ ಇನ್ನಷ್ಟು ತೂಕವಿದೆ. ಹಳೆಯ 364ಎ, ಈಗಿನ 140(2)ನೇ ಕಲಂ ಪ್ರಕಾರ ಶಿಕ್ಷೆ ಮರಣದಂಡನೆ ಇಲ್ಲವೇ ಜೀವಾವಧಿ. ನಡುವೆ ಬೇರೆ ಆಯ್ಕೆಯಿಲ್ಲ. ಹೈದರಾಬಾದಿನ ಶಾಲಾ ಬಾಲಕನ ಅಪಹರಣಕ್ಕೆ ಸಂಬಂಧಿಸಿದ ಶೇಖ್ ಅಹ್ಮದ್ ಪ್ರಕರಣದಲ್ಲಿ (2021), ಹಣದ ಬೇಡಿಕೆಯಷ್ಟೇ ಸಾಲದು, ಪ್ರಾಣಭಯ ಅಥವಾ ಹಾನಿಯ ಅಂಶವೂ ರುಜುವಾತಾಗಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಜೀವಾವಧಿಯನ್ನು ರದ್ದುಮಾಡಿ, ಸಾಮಾನ್ಯ ಅಪಹರಣಕ್ಕಾಗಿ 7 ವರ್ಷ ವಿಧಿಸಿತು. ಇತ್ತ ಕರ್ನಾಟಕದ್ದೇ ಆದ ಮಲ್ಲೇಶಿ ಪ್ರಕರಣದಲ್ಲಿ (2004), ಹಣದ ಬೇಡಿಕೆಯನ್ನು ಅಪಹೃತನ ಮುಂದೆಯೇ ಇಟ್ಟರೂ ಸಾಕು, ಹಣ ಕೊಡಬೇಕಾದವರಿಗೆ ಅದು ತಲುಪಿರಲೇಬೇಕೆಂಬ ನಿಯಮವಿಲ್ಲ ಎಂದಿತು. ಅಂಶವಾರು ಪರಿಶೀಲನೆಯಿಂದ ಒಮ್ಮೆ ಆರೋಪಿಗೆ ಅನುಕೂಲವಾದರೆ, ಇನ್ನೊಮ್ಮೆ ಪ್ರಾಸಿಕ್ಯೂಷನ್ನಿಗೆ ಅನುಕೂಲವಾಗುತ್ತದೆ.

ಸಾಕ್ಷಿಗಳನ್ನು ಕಣ್ಣಾರೆ ಕಂಡ ವಿಚಾರಣಾ ನ್ಯಾಯಾಧೀಶರ ತೀರ್ಮಾನವನ್ನು ಕಡತ ಓದಿ ಅಲುಗಾಡಿಸಬಾರದೆಂಬ ಆಕ್ಷೇಪವಿದೆ. ಸಾಕ್ಷಿ ನಂಬಿಕಸ್ಥನೇ ಎಂಬಲ್ಲಿ ಆ ಮಾತಿಗೆ ಬೆಲೆ ಕೊಡಲೇಬೇಕು. ಆದರೆ ಸಾಕ್ಷಿಯನ್ನು ಪೂರ್ತಿ ನಂಬಿದ ಮೇಲೂ ಅವನ ಮಾತಿನಲ್ಲಿ ಬೆದರಿಕೆಯ ಉಲ್ಲೇಖವೇ ಇಲ್ಲದಿರಬಹುದು. ಆ ಕೊರತೆ ಕಡತದಲ್ಲೇ ಕಾಣುತ್ತದೆ. ಸಾಕ್ಷ್ಯವನ್ನು ತಾನೇ ಮರುಪರಿಶೀಲಿಸುವುದು ಮೇಲ್ಮನವಿ ನ್ಯಾಯಾಲಯದ ಕರ್ತವ್ಯವೆಂದು ಸುಪ್ರೀಂ ಕೋರ್ಟಿನ ಪದಮ್ ಸಿಂಗ್ ತೀರ್ಪು ಸ್ಪಷ್ಟಪಡಿಸಿದೆ. ನೊಂದವರಿಗೆ ಇದರಿಂದ ಅನ್ಯಾಯವಾಗುತ್ತದೆಂಬ ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಆದರೆ ಕಲಂ ಬದಲಾದ ಮಾತ್ರಕ್ಕೆ ಅಪರಾಧಿ ಬಿಡುಗಡೆಯಾಗುವುದಿಲ್ಲ. ವಿಚಾರಣಾ ನ್ಯಾಯಾಲಯ ಖುಲಾಸೆ ಮಾಡಿದರೆ, ಕಡಿಮೆ ಅಪರಾಧಕ್ಕೆ ಇಳಿಸಿದರೆ, ಪರಿಹಾರ ಸಾಲದಾದರೆ ಸ್ವತಃ ಮೇಲ್ಮನವಿ ಸಲ್ಲಿಸುವ ಹಕ್ಕು 2009ರ ಕೊನೆಯಿಂದ ನೊಂದವರಿಗೂ ಇದೆ.

ಈ ಪರಿಶೀಲನೆ ಸಕಾಲದಲ್ಲಿ ನಡೆಯದಿದ್ದರೆ ನಿಷ್ಫಲ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಗಡುವಿದೆ. ಜೈಲಿನಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಸಲ್ಲಿಸಬಹುದು. ಮೇಲ್ಮನವಿ ಬಹುಕಾಲ ಇತ್ಯರ್ಥವಾಗದಿದ್ದರೆ ಕೈದಿಯನ್ನು ಒಳಗೇ ಇಡುವುದು ನ್ಯಾಯವಲ್ಲವೆಂದು ಕಶ್ಮೀರಾ ಸಿಂಗ್ ತೀರ್ಪು (1977), ವಕೀಲರು ಗೈರಾದರೆಂದು ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲವೆಂದು ಬಾನಿ ಸಿಂಗ್ ತೀರ್ಪು (1996) ಹೇಳಿವೆ. ಇವುಗಳ ಜೊತೆಗೆ, ಯಾವ ಆರೋಪಿಯ ವಿರುದ್ಧ ಯಾವ ಅಂಶ ಯಾವ ಸಾಕ್ಷ್ಯದಿಂದ ರುಜುವಾತಾಗಿದೆ ಎಂಬುದನ್ನು ಮೇಲ್ಮನವಿಯ ತೀರ್ಪು ಪ್ರತ್ಯೇಕವಾಗಿ ಬರೆದಿಡುವ ಪದ್ಧತಿ ಬೇಕು. ಆಗ ಶಿಕ್ಷೆ ಉಳಿದರೂ ಇಳಿದರೂ ಅದಕ್ಕೆ ಕಾರಣವೇನೆಂಬುದು ದೋಚಿಸಿಕೊಂಡವನಿಗೂ ತಿಳಿಯುತ್ತದೆ, ಕೈದಿಗೂ ತಿಳಿಯುತ್ತದೆ.