ಘಟ್ಟ ಇಳಿಯುತ್ತಿರುವ ವಾಲ್ವ್ ರೇಡಿಯೊಗಳು

ಕನ್ನಡ ನಾಡಿನ ರೇಡಿಯೊ ಚರಿತ್ರೆಯನ್ನು ನಾವು ಸಾಮಾನ್ಯವಾಗಿ 1935ರಿಂದ ಆರಂಭಿಸುತ್ತೇವೆ. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಪ್ರಾರಂಭಿಸಿದ ವರ್ಷವದು. 1965ರಲ್ಲಿ ಭದ್ರಾವತಿ ನಿಲಯ ಬಂದಾಗ ಮಲೆನಾಡಿಗೆ ಹತ್ತಿರದ ದನಿಯೊಂದು ಸಿಕ್ಕಿತು. ದನಿಯೇನೋ ಗಾಳಿಯಲ್ಲಿ ಬಂತು. ಅದನ್ನು ಕೇಳಿಸುವ ಪೆಟ್ಟಿಗೆ ಮಾತ್ರ ರಸ್ತೆಯಲ್ಲೇ ಬರಬೇಕಿತ್ತು. ಚಿಕ್ಕಮಗಳೂರು ಪೇಟೆಗೆ ರೈಲು ತಲುಪಿದ್ದೇ 2013ರಲ್ಲಿ. ಅಲ್ಲಿಯವರೆಗೆ ರೈಲಿನ ಸರಕನ್ನು ಕಡೂರಿನಲ್ಲಿ ಇಳಿಸಿಕೊಂಡು ಮುಂದೆ ರಸ್ತೆ ಹಿಡಿಯಬೇಕಿತ್ತು. ಮಂಗಳೂರಿನಿಂದಾದರೆ ಚಾರ್ಮಾಡಿಯ ತಿರುವುಗಳು, ಕೊಟ್ಟಿಗೆಹಾರ, ಆಮೇಲೆ ಮೂಡಿಗೆರೆ. ಕಳಸದ ತೋಟಗಳಿಗೆ ಅಲ್ಲಿಂದ ಇನ್ನೂ ದಾರಿಯಿತ್ತು.

ಈಗ ಪ್ರಯಾಣ ತಿರುಗಿದೆ. ಮಕ್ಕಳು ನಗರ ಸೇರಿದ್ದಾರೆ, ತೋಟದ ಮನೆಗಳು ಹೋಂಸ್ಟೇಗಳಾಗಿವೆ. ಅಟ್ಟದಲ್ಲಿದ್ದ ಮರ್ಫಿ, ಫಿಲಿಪ್ಸ್ ಸೆಟ್ಟುಗಳು ಹಳೆ ವಸ್ತುಗಳ ವ್ಯಾಪಾರಿಗಳ ಮೂಲಕ ಬೆಂಗಳೂರಿಗೆ ಇಳಿಯುತ್ತಿವೆ. ಐವತ್ತು ಅರವತ್ತು ಮಳೆಗಾಲ ತಡೆದುಕೊಂಡ ಸೆಟ್ಟು ಒಂದು ರಾತ್ರಿಯ ಲಾರಿ ಪ್ರಯಾಣದಲ್ಲಿ ಪುಡಿಯಾಗುವುದೇಕೆ?

ಅದರ ಶತ್ರು ಅದರ ಭಾರವೇ. ಕಬ್ಬಿಣದ ಪಟ್ಟಿಗಳ ಟ್ರಾನ್ಸ್‌ಫಾರ್ಮರ್ ಒಂದು ಕಡೆ, ಅದರ ಪಕ್ಕದಲ್ಲೇ ತೆಳು ಗಾಜಿನ ವಾಲ್ವುಗಳು. ಇವೆರಡನ್ನೂ ಹೊತ್ತ ತಗಡಿನ ಚಾಸಿಸ್ ಮರದ ಪೆಟ್ಟಿಗೆಗೆ ಅಂಟಿಕೊಂಡಿರುವುದು ಕೆಳಗಿನ ಕೆಲವೇ ಬೋಲ್ಟುಗಳಿಂದ. ನಡುವಿನ ರಬ್ಬರು ಕಾಲಕ್ರಮದಲ್ಲಿ ಗಟ್ಟಿಯಾಗಿ ಬಿರಿದಿರುತ್ತದೆ. ಲಾರಿ ಕುಲುಕಿದರೆ ಚಾಸಿಸ್ಸೇ ಸುತ್ತಿಗೆಯಾಗಿ ಮುಂದಿನ ಗಾಜಿನ ಫಲಕವನ್ನು ಒಡೆಯುತ್ತದೆ. ಹೊರಗೆ ಎಷ್ಟು ಮೆತ್ತೆ ಸುತ್ತಿದರೂ ಒಳಗಿನ ಈ ಹೊಡೆತ ತಪ್ಪದು. ಆದ್ದರಿಂದ ಮೊದಲು ಬೋಲ್ಟು ಬಿಗಿಯಬೇಕು. ವಾಲ್ವುಗಳನ್ನು ಕಳಚಿ, ಯಾವುದು ಯಾವ ಗೂಡಿನದೆಂದು ಬರೆದು, ಬೇರೆ ಡಬ್ಬಿಯಲ್ಲಿ ಇಡಬೇಕು. ಬ್ಯಾಟರಿ ಸೆಟ್ಟಾದರೆ ಹಳೆಯ ಬ್ಯಾಟರಿ ಒಳಗೆ ಉಳಿಯಲೇಬಾರದು. ಪಾಲಿಷ್ ಮರಕ್ಕೆ ಮೊದಲು ಹತ್ತಿ ಬಟ್ಟೆ, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್ಕು. ನೇರವಾಗಿ ಸುತ್ತಿದರೆ ಗುಳ್ಳೆಯ ಅಚ್ಚು ಮರದ ಮೇಲೆ ಉಳಿದೀತು. ಬಳಿಕ ಪೆಟ್ಟಿಗೆಯೊಳಗೊಂದು ಪೆಟ್ಟಿಗೆ. ಎರಡರ ನಡುವೆ ಸುತ್ತಲೂ ನಾಲ್ಕು ಬೆರಳಿನಷ್ಟು ಗಟ್ಟಿಯಾದ ಫೋಮು ಬೇಕು. ಮುದ್ದೆ ಮಾಡಿದ ಪತ್ರಿಕೆ ಇಂಥ ಭಾರಕ್ಕೆ ಚಪ್ಪಟೆಯಾಗುತ್ತದೆ. ಒಣಹುಲ್ಲು ಹಿಂದಿನವರ ಉಪಾಯ, ಬೇಸಿಗೆಗೆ ಸರಿ. ಆಷಾಢದ ಮಲೆನಾಡಿನಲ್ಲಿ ತೇವ ಹೀರಿ ಬೂಷ್ಟು ತರುತ್ತದೆ. ಗ್ರಾಮಫೋನಿನ ಅರಗಿನ ತಟ್ಟೆಗಳನ್ನಂತೂ ಒಂದರ ಮೇಲೊಂದು ಹೇರದೆ ನೆಟ್ಟಗೆ ನಿಲ್ಲಿಸಿಯೇ ಕಳಿಸಬೇಕು.

ಇಷ್ಟೆಲ್ಲ ಮಾಡುವವರೂ ಒಂದನ್ನು ಗುಜರಿಗೆ ಎಸೆಯುತ್ತಾರೆ: ಲೈಸೆನ್ಸ್ ಪುಸ್ತಕ. 1980ರ ದಶಕದ ನಡುಭಾಗದವರೆಗೆ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಶುಲ್ಕ ಕಟ್ಟಿ ಪರವಾನಗಿ ಪಡೆಯಬೇಕಿತ್ತು. ಯಾವ ಮನೆ, ಯಾವ ಅಂಚೆ ಕಚೇರಿ, ಯಾವ ವರ್ಷ ಎಂಬುದಕ್ಕೆ ಅದರ ಪುಟಗಳಲ್ಲಿ ಮುದ್ರೆಯ ಸಾಕ್ಷಿಯಿದೆ. ಸೆಟ್ಟಿನ ಬಿಡಿಭಾಗ ಇಂದೂ ಹುಡುಕಿದರೆ ಸಿಗುತ್ತದೆ. ಆ ಪುಸ್ತಕ ಹೋದರೆ, ಬೆಂಗಳೂರಿನ ಷೋಕೇಸಿನಲ್ಲಿ ಕೂತ ರೇಡಿಯೊ ಕಳಸದ್ದೋ ಕಾನ್ಪುರದ್ದೋ ಹೇಳುವವರಿಲ್ಲ. ವಾಲ್ವಿನ ಡಬ್ಬಿಯ ಪಕ್ಕ ಅದಕ್ಕೂ ಜಾಗವಿದೆ, ಒಂದು ಪ್ಲಾಸ್ಟಿಕ್ ಚೀಲದಲ್ಲಿ.