ಸೆರಗಿನ ಗಂಟಿನ ಕಾಸು
1800ರಲ್ಲಿ ಗುಬ್ಬಿ ಸಂತೆಯ ಅಡಿಕೆ, ಕೊಬ್ಬರಿ ವ್ಯಾಪಾರ ಕಂಡು ಬರೆದ ಬುಕಾನನ್, ಬೆಂಗಳೂರಿನ ಸಂತೆಗಳ ಬಗ್ಗೆ ಇನ್ನೊಂದು ಸಂಗತಿ ಹೇಳುತ್ತಾನೆ. ಬ್ರಾಹ್ಮಣರ ಮನೆಯವರ ಹೊರತು ಎಲ್ಲ ಜಾತಿಯ ಹೆಂಗಸರೂ ಸಂತೆಯಲ್ಲಿ ಚೂರುಪಾರು ಹತ್ತಿ ಕೊಂಡು, ಮನೆಯಲ್ಲಿ ನೂತು, ನೂಲನ್ನು ನೇಕಾರರಿಗೆ ಮಾರುತ್ತಿದ್ದರಂತೆ. ರಾಟೆ ಅವರದು, ನೂಲು ಅವರದು, ಸೆರಗಿನ ಗಂಟಿನ ಕಾಸೂ ಅವರದೇ.

ಇಂಗ್ಲೆಂಡಿನ ಗಿರಣಿ ಸರಕು ನಮ್ಮ ರಾಟೆ, ಮಗ್ಗಗಳನ್ನು ಮುರಿದದ್ದನ್ನು ಮಾರ್ಕ್ಸ್ 1853ರಲ್ಲೇ ಪತ್ರಿಕೆಯೊಂದರಲ್ಲಿ ಬರೆದ. 1884ರಲ್ಲಿ ತುಮಕೂರಿಗೆ ರೈಲು ಬಂದ ಮೇಲೆ ದೂರದ ಸರಕಿಗೆ ದಾರಿ ಇನ್ನೂ ಸಲೀಸು. ಅವನು ಹೇಳುವ ಬಂಡವಾಳದ ಕಥೆ ಶುರುವಾಗುವುದೇ ದುಡಿಯುವ ಕೈಯಿಂದ ಸಲಕರಣೆ ಬೇರೆಯಾದಲ್ಲಿ. (ಗಂಡಸರು ಈ ಕಥೆ ಹೇಳುವಾಗ ಮಗ್ಗ ನೆನೆಯುತ್ತಾರೆ, ರಾಟೆ ಮರೆಯುತ್ತಾರೆ.)

ಇಂದು ತುಮಕೂರು, ಕುಣಿಗಲ್ ಕಡೆಯ ಎಷ್ಟೋ ಹೆಣ್ಣುಮಕ್ಕಳು ಬೆಳಗ್ಗೆ ಬುತ್ತಿ ಹಿಡಿದು ಗಾರ್ಮೆಂಟ್ಸ್‌ಗೆ ಹೊರಡುತ್ತಾರೆ. ಮಿಷನ್ನು ಮಾಲೀಕರದು, ಬಟ್ಟೆಯೂ ಮಾಲೀಕರದು. ಸಂಬಳವೇನೋ ಇವರ ಕೈಗೇ ಬರುತ್ತದೆ. ದರ ಕಟ್ಟುವವರು ಮಾತ್ರ ಇವರಲ್ಲ.